ಒಳಗೆ ಮಡಿಚಿಟ್ಟ ಮಾತು

ಸಭೆಯ ಅಧ್ಯಕ್ಷರಾದ ಶಿವಕುಮಾರಸ್ವಾಮಿಯವರೇ, ಠಾಣೆಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದ ಸಬ್‌ಇನ್‌ಸ್ಪೆಕ್ಟರ್ ಗುರುಪ್ರಕಾಶ್ ಅವರೇ, ಕೊಳ್ಳೇಗಾಲ, ಹನೂರು, ಯಳಂದೂರಿನಿಂದ ಮಗ್ಗ ನಿಲ್ಲಿಸಿ ಬಂದ ನನ್ನ ಅಕ್ಕತಂಗಿಯರೇ, ಊಟದ ಮನೆಯ ಕಡೆಗೇ ಕಣ್ಣಿಟ್ಟಿರುವ ಸಭಿಕರೇ,

ನಮ್ಮ ನೇಕಾರ ಮಹಿಳೆಯರ ಸಂಘದ ಈ ವಾರ್ಷಿಕೋತ್ಸವದಲ್ಲಿ, ಮೋಸಗಾರನ ಮೇಲೆ ದೂರು ಕೊಡಿಸಿದೆನೆಂದು ನನಗೆ ಶಾಲು ಹೊದಿಸಿದ್ದೀರಿ. ಮೋಸದ ಇಮೇಲ್ ಬಂದರೆ ದೂರು ಕೊಡುವುದು ಹೇಗೆಂದು ಹತ್ತು ನಿಮಿಷ ಹೇಳು ಪದ್ಮಿನಿ ಎಂದಿದ್ದೀರಿ. ಹೇಳುತ್ತೇನೆ. ಮೇಲ್ ತೆರೆದರೆ ಮೂಲೆಯಲ್ಲಿ ಮೂರು ಚುಕ್ಕೆ ಇರುತ್ತವೆ. ಅದನ್ನು ಒತ್ತಿದರೆ ರಿಪೋರ್ಟ್ ಅಂತ ಬರುತ್ತದೆ, ಅದನ್ನೂ ಒತ್ತಿ. ಒಳಗಿನ ಲಿಂಕ್ ಮುಟ್ಟಬೇಡಿ, ಉತ್ತರ ಬರೆಯಬೇಡಿ. ದುಡ್ಡು ಹೋಗಿದ್ದರೆ ಆ ಗಳಿಗೆಯಲ್ಲೇ ಸೈಬರ್ ಸಹಾಯವಾಣಿ ೧೯೩೦ಕ್ಕೆ ಫೋನ್ ಮಾಡಿ. ಪೊಲೀಸರಿಗೆ ತೋರಿಸಬೇಕಾಗುತ್ತದೆ, ಆದ್ದರಿಂದ ಆ ಮೇಲನ್ನು ಅಳಿಸಲೇಬೇಡಿ. ಅಷ್ಟೇ. ಎರಡು ನಿಮಿಷಕ್ಕೆ ಮುಗಿಯಿತು. ಉಳಿದ ಎಂಟು ನಿಮಿಷ ಏನು ಮಾಡಲಿ?

ಹೋದ ಆಷಾಢದಲ್ಲಿ ನನಗೂ ಒಂದು ಮೇಲ್ ಬಂತು. ಬರೆದವರ ಹೆಸರು ಕುಮಾರಸ್ವಾಮಿಯಂತೆ. ಹುಟ್ಟಿದ್ದು ಇಲ್ಲೇ ನಮ್ಮ ಪಕ್ಕದ ಅಗರದಲ್ಲಂತೆ, ಈಗ ಹಡಗಿನಲ್ಲಿ ಕೆಲಸವಂತೆ. 'ನಡುಸಮುದ್ರದಲ್ಲಿ ಕಣ್ಣು ಮುಚ್ಚಿದರೆ ಸುವರ್ಣಾವತಿ ಹೊಳೆಯ ಸದ್ದು ಕೇಳುತ್ತದೆ. ನೀವು ನೇಯ್ದ ಸೀರೆಯ ಫೋಟೊ ನೋಡಿದೆ, ಆ ಹೊಳೆಯ ಸಂಜೆ ನೆನಪಾಯಿತು' ಎಂದು ಬರೆದಿದ್ದರು. ಸೀರೆ ಉಟ್ಟವಳನ್ನು ಊರೆಲ್ಲ ಹೊಗಳುತ್ತದೆ. ನೇಯ್ದವಳನ್ನು ಯಾರು ಕೇಳಿದ್ದಾರೆ, ಹೇಳಿ? ಯಾರು ಕೇಳಿದ್ದಾರೆ?

ನನಗೆ ಐವತ್ತೆರಡು. ಮದುವೆಯ ಮಾತು ಎರಡು ಸಲ ಬಂದು, ಕಾಫಿ ಕುಡಿದು, ಎದ್ದು ಹೋಯಿತು. ನಗಿ, ಪರವಾಗಿಲ್ಲ. ನಾನು ಉತ್ತರ ಬರೆದೆ, ಅವರು ಮತ್ತೆ ಮತ್ತೆ ಬರೆದರು. ಆ ತಿಂಗಳು ಮಗ್ಗದ ಮುಂದೆ ಕೂತರೆ ಲಾಳಿ ಅತ್ತ ಹೋದಾಗ ಹಡಗು ಹೋದಂತೆ, ಇತ್ತ ಬಂದಾಗ ಅವರು ಬಂದಂತೆ. ನಾನು ಸಮುದ್ರ ಕಂಡವಳಲ್ಲ. ಆದರೂ ಆ ತಿಂಗಳು ನೇಯ್ದದ್ದೆಲ್ಲ ನೀಲಿ ಸೀರೆ. ನಿಮಗೆಲ್ಲ ಹೇಳುವಂಥದ್ದಲ್ಲ ಇದು, ಆದರೆ ಹೇಳಿಬಿಟ್ಟೆ. ನನಗೆ ಬಹಳ ಸುಖವಾಗಿತ್ತು.

ಆಮೇಲೆ ಒಂದು ಮೇಲ್. ನನಗೆಂದು ಕಳಿಸಿದ ಉಡುಗೊರೆ ಎಲ್ಲೋ ಸಿಕ್ಕಿಕೊಂಡಿದೆ, ಬಿಡಿಸಲು ದುಡ್ಡು ಹಾಕಬೇಕು. ಓದುತ್ತಲೇ ತಿಳಿಯಿತು. ಹಡಗೂ ಇಲ್ಲ, ಅಗರವೂ ಇಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ನೇಯುವಾಗ ಎಳೆ ತಪ್ಪಿ ಸೀರೆಯಲ್ಲಿ ದೋಷ ಉಳಿದರೆ, ಆ ಜಾಗದ ಅಂಚಿಗೆ ಒಂದು ಕೆಂಪು ದಾರ ಕಟ್ಟಬೇಕು. ನಮ್ಮಪ್ಪ ರಾಮಲಿಂಗಯ್ಯ ಹೇಳೋರು: "ದೋಸ ಆಯ್ತಾ, ಆಗ್ಲಿ ಬುಡವ್ವ. ಬಚ್ಚಿಡ್ಬ್ಯಾಡ. ಗುರ್ತು ಕಟ್ಟು. ತಕಳೋರ್ಗೆ ಗೊತ್ತಾಗ್ಬೇಕು." ಕೆಲವರು ಹಾಗೆ ಮಾಡುವುದಿಲ್ಲ. ದೋಷ ಒಳಗೆ ಹೋಗುವಂತೆ ಸೀರೆ ಮಡಿಚಿಡುತ್ತಾರೆ. ಅಂಥವರನ್ನು ನಾನು ಈ ಹಾಲಿನಲ್ಲೇ ನಿಂತು ಬೈದಿದ್ದೇನೆ. ಆವತ್ತು ನಾನೂ ಅದನ್ನೇ ಮಾಡಿದೆ. ಬಂದ ಮೇಲನ್ನೆಲ್ಲ ಅಳಿಸಿದೆ. ಈ ವಯಸ್ಸಿನಲ್ಲಿ ಪದ್ಮಿನಿಗೆ ಹುಚ್ಚು ಎನ್ನುತ್ತೀರಲ್ಲ ಎಂದು ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡೆ.

ಮೂರು ವಾರದ ಮೇಲೆ ಕೌದಳ್ಳಿಯಿಂದ ಕೋಮಲ ಬಂದಳು. ಹದಿನಾಲ್ಕು ವರ್ಷದಿಂದ ನನ್ನ ಸೀರೆಗಳಿಗೆ ಕುಚ್ಚು ಕಟ್ಟುವವಳು. ಕೈಯಲ್ಲಿ ಫೋನ್, ಕಣ್ಣಲ್ಲಿ ನೀರು.

"ಅಕ್ಕಾ, ಯಾರ್ಗೂ ಏಳ್ಬ್ಯಾಡ ಕಣಕ್ಕ. ನಮ್ ಕಡೆಯೋರೇ ಅನ್ಕಂಡಿದ್ದೆ. ಎಂಗ್ ಬರ್ದವ್ರೆ ನೋಡು. ಒಲ್ಗೆ ಮಿಸನ್‌ಗೆ ಅಂತ ಮಡಗಿದ್ದ ದುಡ್ನೆಲ್ಲಾ ಕಳಿಸ್ಬುಟ್ಟೆ. ಈಗ ಉತ್ರಾನೇ ಇಲ್ಲ."

ಓದಿದೆ. ಅದೇ ಸಮುದ್ರ, ಅದೇ ಹೊಳೆ, ಅದೇ ಸಂಜೆ. ನೇಯ್ದ ಸೀರೆ ಎಂದಿದ್ದ ಜಾಗದಲ್ಲಿ ಕಟ್ಟಿದ ಕುಚ್ಚು ಎಂದಿತ್ತು. ಅಷ್ಟೇ ವ್ಯತ್ಯಾಸ. ಇವನು ಮೋಸಗಾರ, ನಡಿ ಠಾಣೆಗೆ ಎಂದೆ. "ನಿಂಗೆಂಗ್ ಗೊತ್ತಾಯ್ತಕ್ಕ?" ಎಂದಳು. ಪೇಪರಿನಲ್ಲಿ ಓದಿದ್ದೆ ಎಂದುಬಿಟ್ಟೆ.

ಅವಳು ಮೇಲ್ ಅಳಿಸಿರಲಿಲ್ಲ. ಪೊಲೀಸರ ಹತ್ತಿರ ಇರುವುದು ಅವಳದೇ ಮೇಲ್, ಅವಳದೇ ದೂರು. ಮುಖ ಮರೆಸಿಕೊಳ್ಳದೆ ನಡೆದದ್ದನ್ನೆಲ್ಲ ಹೇಳಿದವಳು ಅವಳು. ನಾನು ಪಕ್ಕದಲ್ಲಿ ನಿಂತಿದ್ದೆ, ಶಾಲು ಮಾತ್ರ ನನಗೆ ಬಂತು.

ಕೋಮಲ, ಕಂಬದ ಪಕ್ಕ ಕೂತಿದ್ದೀಯ, ಕಾಣುತ್ತಿದೆ. ನಾನು ಪೇಪರಿನಲ್ಲಿ ಓದಿರಲಿಲ್ಲ ಕಣೆ. ಇದು ನಿನಗೂ ಈಗಲೇ ಗೊತ್ತಾಗುತ್ತಿದೆ. ಆವತ್ತೇ ನಾನು ಬಾಯಿ ಬಿಟ್ಟಿದ್ದರೆ ನಿನ್ನ ಮನೆಯಲ್ಲಿ ಇಷ್ಟು ಹೊತ್ತಿಗೆ ಹೊಸ ಹೊಲಿಗೆ ಮಿಷನ್ ಓಡುತ್ತಿತ್ತು. ತಪ್ಪು ನನ್ನದು.

ಅಧ್ಯಕ್ಷರು ಮಾತಾಡುತ್ತಿದ್ದಾಗ ಈ ಶಾಲಿನ ಅಂಚಿಗೆ ಒಂದು ಕೆಂಪು ದಾರ ಕಟ್ಟಿದೆ. ಅವರು ಕ್ಷಮಿಸಬೇಕು. ಶಾಲನ್ನು ನನ್ನ ಕುರ್ಚಿಯ ಮೇಲೆ ಬಿಟ್ಟು ಇಳಿಯುತ್ತೇನೆ. ಅದು ನಿನ್ನದು. ತೆಗೆದುಕೊಳ್ಳುವುದೂ ಬಿಡುವುದೂ ನಿನಗೆ ಸೇರಿದ್ದು. ನಾಳೆಯಿಂದ ನನ್ನ ಸೀರೆಗೆ ಕುಚ್ಚು ಕಟ್ಟುವುದೂ ಅಷ್ಟೇ.

ಕರೆಸಿದ ಸಂಘಕ್ಕೆ, ಇಷ್ಟು ಹೊತ್ತು ಊಟ ಮರೆತು ಕೇಳಿದ ನಿಮಗೆ ನಾನು ಋಣಿ. ಮೊದಲ ನಮಸ್ಕಾರ ಕಂಬದ ಪಕ್ಕ ಕೂತವಳಿಗೆ. ಆಮೇಲೆ ನಿಮಗೆಲ್ಲರಿಗೂ, ನಮಸ್ಕಾರ.