ಪೊಲೀಸರು ಕೊಡಿಸಿದ ಕುಂಬಳಕಾಯಿ

ಪಿಗ್ಸ್ ಪೀಕ್ ಎಂಬ ಗುಡ್ಡದೂರಿನ ಬಸ್ ನಿಲ್ದಾಣದಲ್ಲಿ ಮುಸುಕಿನ ಜೋಳ ಸುಡುತ್ತಿದ್ದ ತೆಂಗೆತೀಲೆಯ ಬೆನ್ನ ಹಿಂದೆ ಇಬ್ಬರು ಮುದುಕಿಯರು ಬಂದು ಕೂತರು.

"ಗಾಂಜಾ ಒಂದು ಗಿಡಾನೂ ಬಿಟ್ಟಿಲ್ವಾ ಕಳ್ಳ, ಲಾಮಾತ್ಸೆಬುಲಕ್ಕಾ?"

"ಎಲ್ಲಾ ಕೊಯ್ಕೊಂಡು ಹೋದ. ಮೊಮ್ಮಕ್ಕಳ ಫೀಸು ಅದರಲ್ಲೇ ಇತ್ತು ಕಣೇ."

"ಪೊಲೀಸರಿಗೆ ಹೇಳಿದ್ಯಂತೆ! ತಲೆ ಕೆಟ್ಟಿತ್ತಾ?"

"ಗಾಂಜಾ ಅಂದ್ರೆ ನನ್ನನ್ನೇ ಒಳಗೆ ಹಾಕ್ತಿದ್ರು. ಕುಂಬಳಕಾಯಿ ಹೋಯ್ತು ಅಂದೆ."

"ಆಮೇಲೆ?"

"ಹಿಡಿದ್ರು. ಅವನೂ ಕುಂಬಳಕಾಯೀನೇ ಕದ್ದೆ ಅಂದ. ಅವನ ಕೈಲಿ ನನಗೆ ಕತ್ತೆಗಾಡಿ ತುಂಬ ಕುಂಬಳಕಾಯಿ ಕೊಡಿಸಿದ್ರು."

"ಅಯ್ಯೋ, ಖದೀಮ!"

"ನಗಬೇಡ್ವೇ. ಜೋಳದ ಹಾಗೆ ಗಾಂಜಾನೂ ಬೆಳ್ಕೊಳ್ಳಿ ಅಂತ ಸರ್ಕಾರ ಅಂದಿದ್ರೆ, ಕಳಕೊಂಡಿದ್ದರ ಹೆಸರು ಹೇಳ್ಕೊಂಡಾದ್ರೂ ಅಳ್ತಿದ್ದೆ."

ಬಸ್ಸು ಬಂತು. ತೆಂಗೆತೀಲೆ ತಿರುಗಿ ನೋಡದೆ ಕೆಂಡ ಕೆದಕಿದಳು.

"ಮಕ್ಕಳಿಗೆ ಏನಂದೆ?"

"ಈ ವರ್ಷ ಶಾಲೆ ಇಲ್ಲ ಅಂದೆ," ಎಂದು ಲಾಮಾತ್ಸೆಬುಲಾ ಮೆಟ್ಟಿಲು ಹತ್ತಿದಳು. "ಯಾಕಜ್ಜಿ ಅಂತ ಒಂದೂ ಕೇಳ್ಲಿಲ್ಲ. ಬಾಯಿ ಮುಚ್ಕೊಂಡಿರೋದು ಅವಕ್ಕೂ ರೂಢಿ ಆಗಿದೆ."