ಸೂಪಿಗೆ ಬಿದ್ದ ರಾಜನ ವಿಗ್ಗು

ಕೆನಡಾದ ಸ್ಕಾರ್‌ಬರೋದ ಲೈಬ್ರರಿಯಲ್ಲಿ ವಿಡಿಯೊ ಕ್ಯಾಸೆಟ್ ಹಿಂದಿರುಗಿಸುವ ಸಾಲಿನಲ್ಲಿ ನಿಂತಿದ್ದ ಅಮಿತಾಳಿಗೆ ಮುಂದಿನಿಂದ ಕನ್ನಡ ಕೇಳಿಸಿತು. ಅತ್ತೆ ಸೊಸೆ ಮಾತಾಡುತ್ತಿದ್ದರು.

“ಮಾವ ನಿಜವಾಗ್ಲೂ ನಕ್ರಾ, ಅತ್ತೆ? ಸ್ಟ್ರೋಕ್ ಆಗಿ ಎರಡು ತಿಂಗಳಾಯ್ತು, ತುಟಿ ಬಿಚ್ಚಿಲ್ಲ.”

“ನಿನ್ನಾಣೆ ಕಣೇ. ಆ ಹಳೇ ಹಾಲಿವುಡ್ ಪಿಕ್ಚರಲ್ಲಿ ರಾಜನ ವಿಗ್ಗು ಸೂಪಿಗೆ ಬಿತ್ತು. ಗೊಳ್ಳಂತ ನಕ್ಕುಬಿಟ್ರು.”

“ಈಗ ಅವರಿಗೆ ಇಂಗ್ಲಿಷ್ ತಲೆಗೆ ಹೋಗಲ್ವಲ್ಲ?”

“ಆ ಜರಿ ಕೋಟೇನು, ಆ ಗತ್ತೇನು, ವಿಗ್ಗಿನ ಕೆಳಗೆ ಬೋಳುತಲೆ! ಅದಕ್ಕೆ ಇಂಗ್ಲಿಷ್ ಯಾಕೆ ಬೇಕು?”

“ಏನಾದ್ರೂ ಅಂದ್ರಾ?”

“‘ಇನ್ನೊಂದ್ಸಲ ಹಾಕು’ ಅಂದ್ರು.”

ಹಿಂದೆ ನಿಂತಿದ್ದ ಅಮಿತಾಳಿಗೂ ನಗು ಬಂತು.

ಕೌಂಟರಿನವಳು ಕೈ ಚಾಚಿದಳು. ಅತ್ತೆ ಕ್ಯಾಸೆಟ್ಟನ್ನು ಎದೆಗವಚಿಕೊಂಡು, “ನೋ ರಿಟರ್ನ್. ಒನ್ ಮೋರ್ ವೀಕ್, ಪ್ಲೀಸ್,” ಎಂದರು. ಅವಳು ಆಗಲಿ ಎಂದು ತಲೆಯಾಡಿಸಿದ್ದೇ ತಡ, ಅತ್ತೆ ಸೊಸೆ ಇಬ್ಬರೂ ನಗುತ್ತಲೇ ಬಸ್ಸಿಗೆ ಓಡಿದರು.