ಆಡಿ ಕಳೆದ ಮೇಲೆ ಬಂದವರು

ಧರ್ಮಪುರಿ ಬಸ್‌ಸ್ಟ್ಯಾಂಡಿನ ತಮಿಳು ಗದ್ದಲದ ನಡುವೆ ಪಕ್ಕದ ಬೆಂಚಿನಿಂದ ಕನ್ನಡ ಕಿವಿಗೆ ಬಿತ್ತು. ಹುಡುಗಿಯ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಅವಳ ಅತ್ತೆ ಪಾಪಿರೆಡ್ಡಿಪಟ್ಟಿ ಬಸ್ಸು ಬರುವ ದಾರಿ ನೋಡುತ್ತಿದ್ದರು.

“ಅಲ್ಲ ವಾಣಿ, ನಿಮ್ಮ ಟ್ರಸ್ಟ್‌ನೋರು ಕುರಿಮರಿ ಕೊಡ್ತೀವಂದ್ರು. ನಮ್ಮೂರಲ್ಲಿ ಒಬ್ರ ಎಸರೂ ಪಟ್ಟೀಲಿ ಬರಲಿಲ್ವಲ್ಲ?”

“ತಪ್ಪು ನಂದೇ ಅತ್ತೆ. ಕಂಪ್ಯೂಟರಿಂದ ಪಟ್ಟಿ ತೆಗೆಯೋ ಎಸ್‌ಕ್ಯೂಎಲ್ ಬರೆದೋಳು ನಾನು. ಆಗಸ್ಟ್ ಒಂದರಿಂದ ಹದಿನೇಳರ ಗಂಟ ಬಂದಿರೋ ಅರ್ಜಿ ತೆಗಿ ಅಂದಿದ್ದೆ.”

“ನಾವು ಹದಿನೇಳಕ್ಕೇ ತಾನೆ ಬಂದಿದ್ದು?”

“ಅದೇ! ಊರೆಲ್ಲ ಕಡೇ ದಿನವೇ ಯಾಕೆ ಬಂದ್ರಿ?”

“ಆಡಿ ತಿಂಗಳು ಹದಿನಾರಕ್ಕೆ ತಾನೆ ಮುಗಿದಿದ್ದು? ಆ ಕೆಟ್ಟ ತಿಂಗಳು ಕಳೀದೆ ಹೊಸ ಕುರಿ ಕೇಳ್ತಾರೇನೇ?”

“ಅರ್ಜಿ ಜೊತೆ ಟೈಮೂ ಬೀಳ್ತೈತೆ. ಬರೀ ಹದಿನೇಳು ಅಂದ್ರೆ ಕಂಪ್ಯೂಟರ್‌ಗೆ ಆ ದಿನ ಉಟ್ಟೋ ನಡುರಾತ್ರಿ. ಅಲ್ಲಿಗೇ ನಿಂತೋಯ್ತು. ನೀವು ಬಂದಿದ್ದು ಬೆಳಿಗ್ಗೆ.”

“ಕೊನೇ ಕುರಿ ಒಳಕ್ಕೆ ಬರೋ ಮುಂಚೇನೇ ದೊಡ್ಡಿ ಬಾಗಿಲು ಆಕ್ದಂಗಾಯ್ತು.”

“ಈಗ ಹದಿನೆಂಟು ಉಟ್ಟೋಕೆ ಮುಂಚೆ ಬಂದಿದ್ದೆಲ್ಲಾ ತೆಗಿ ಅಂತ ತಿದ್ದಿದೀನಿ. ಮರಿ ಇನ್ನೂ ಯಾರಿಗೂ ಅಂಚಿಲ್ಲ. ಟ್ರಸ್ಟ್ ಸಾರ್ ನೋಡಿ ಸರಿ ಅಂದ್ರು.”

“ನಮ್ಮ ಪಕ್ಕದ್ಮನೆ ಶಾಂತಿ ಎಸರು?”

“ಐತೆ.”

“ನಂದು?”

“ಅದನ್ನೇ ಮೊದ್ಲು ನೋಡ್ದೆ.”

ಅಷ್ಟರಲ್ಲಿ ಬಸ್ಸು ಬಂತು. ಅತ್ತೆ ಎಲ್ಲರಿಗಿಂತ ಮುಂಚೆ ಹತ್ತಿದರು. ವಾಣಿ ಇನ್ನೂ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕುತ್ತಿದ್ದಳು. ಕಂಡಕ್ಟರ್ “ಪೋಲಾಂ, ರೈಟ್!” ಎಂದು ಬಸ್ಸು ಬಿಡಲು ಸೀಟಿ ಬಾಯಿಗಿಟ್ಟ. ಅತ್ತೆ ಬಾಗಿಲಿಗೆ ಅಡ್ಡ ನಿಂತು ಕೈ ಚಾಚಿದರು.

“ಇರಪ್ಪಾ, ಕೊನೇದೊಂದು ಇನ್ನೂ ಕೆಳಗೈತೆ!”